ಜೋಳದ ಋಣ: ಹಂಪಿಯ ಕಲ್ಲುತಟ್ಟೆ ಮತ್ತು ಮರಿಯಮ್ಮನಹಳ್ಳಿಯ ರೊಟ್ಟಿ

ಆಹಾರದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಪಾಕಶಾಸ್ತ್ರ ಗ್ರಂಥಗಳಿಂದ ಆರಂಭಿಸುತ್ತಾರೆ. ಕನ್ನಡದಲ್ಲಿ ಅಂತಹ ಆಕರಗಳಿಗೆ ಕೊರತೆಯಿಲ್ಲ. 1025ರಲ್ಲಿ ರಚಿತವಾದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೂ ಸ್ಥಾನವುಂಟು. ವಿಜಯನಗರ ಕಾಲದ ಜೈನ ಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ್ದಾನೆ. ಹಿಟ್ಟಿನ ಭಕ್ಷ್ಯ, ಪಾನಕ, ಅನ್ನದ ಬಗೆಗಳನ್ನು ವಿವರಿಸಿ, ಬದನೆಕಾಯಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ ಸಸ್ಯಾಹಾರದ ಕೃತಿಯಿದು.

ಆದರೆ ಈ ಗ್ರಂಥಗಳ ಹಿಂದಿರುವುದು ಬಹುಮಟ್ಟಿಗೆ ಉಳ್ಳವರ ಅಡುಗೆಮನೆ. ಹಂಪಿಯ ಅರಮನೆ ಪ್ರದೇಶದ ಅಂಚಿನಲ್ಲಿ ನೀರುಗಾಲುವೆಯ ಇಕ್ಕೆಲಗಳಲ್ಲಿ ಸಾಲಾಗಿ ಜೋಡಿಸಿದ ಕಲ್ಲುತಟ್ಟೆಗಳನ್ನು ಕಂಡವರಿಗೆ ಇದು ಸ್ಪಷ್ಟವಾಗುತ್ತದೆ. ಜನರು ಅದನ್ನು ಭೋಜನಶಾಲೆಯೆಂದು ಕರೆಯುತ್ತಾರೆ. ಪ್ರಧಾನ ಭೋಜ್ಯಕ್ಕೊಂದು ಅಗಲವಾದ ಕುಳಿ, ವ್ಯಂಜನಗಳಿಗೆ ಸುತ್ತಲೂ ಸಣ್ಣ ಕುಳಿಗಳು: ಬಡಿಸಲು ಹಲವು ಬಗೆಗಳಿದ್ದಾಗ ಮಾತ್ರ ಇಂತಹ ತಟ್ಟೆ ಬೇಕಾಗುತ್ತದೆ. ಜೋಳದ ರೊಟ್ಟಿಗೆ ಅದರ ಅಗತ್ಯವಿಲ್ಲ; ಅಂಗೈಯೇ ಸಾಕು.

ಹಾಗಾದರೆ ರೊಟ್ಟಿ ಉಂಡವರ ಚರಿತ್ರೆ ಎಲ್ಲಿದೆ? ಅದರ ಒಂದು ಸುಳಿವು ಭಾಷೆಯಲ್ಲಿಯೇ ಇದೆ. ಪ್ರಾಚೀನ ಶಾಸನಗಳಲ್ಲಿ ‘ಜೋಳವಾಳಿ’ ಎಂಬ ಮಾತು ಬರುತ್ತದೆ. ಒಡೆಯನು ಇತ್ತ ಜೋಳವನ್ನು ಉಂಡವನು ಯುದ್ಧದಲ್ಲಿ ಪ್ರಾಣವಿತ್ತಾದರೂ ಆ ಋಣವನ್ನು ತೀರಿಸಬೇಕೆಂಬ ಕಟ್ಟಳೆಯೇ ಜೋಳವಾಳಿ. ‘ವೇಳೆವಾಳಿ’ಯೊಡನೆ ಇದನ್ನೂ ಎಂ. ಚಿದಾನಂದಮೂರ್ತಿಯವರು ವಿಸ್ತಾರವಾಗಿ ವಿವೇಚಿಸಿದ್ದಾರೆ. ಇಂದು ನಾವು ಉಪ್ಪಿನ ಋಣ ಎನ್ನುತ್ತೇವೆ. ಅಂದಿನ ಕನ್ನಡಿಗನು ನಿಷ್ಠೆಯನ್ನು ಅಳೆದದ್ದು ಜೋಳದಿಂದ. ಪಂಪನ ಕರ್ಣನು ಜನ್ಮರಹಸ್ಯವನ್ನು ಅರಿತ ಮೇಲೆಯೂ ದುರ್ಯೋಧನನನ್ನು ತೊರೆಯದ ನಿಲುವನ್ನು ಈ ಹಿನ್ನೆಲೆಯಲ್ಲಿ ಓದಿದರೆ, ಅದು ವ್ಯಕ್ತಿಯ ಔದಾರ್ಯದೊಡನೆ ಒಂದು ಸಮಾಜದ ನೀತಿಯೂ ಆಗಿ ತೋರುತ್ತದೆ.

ಜೋಳಕ್ಕೆ ಈ ಸ್ಥಾನ ದೊರೆತದ್ದಕ್ಕೆ ಭೂಗುಣವೂ ಕಾರಣ. ಬಳ್ಳಾರಿ ಸೀಮೆಯ ಎರೆಹೊಲವು ಹಿಡಿದಿಟ್ಟ ತೇವದಲ್ಲಿಯೇ ಹಿಂಗಾರಿ ಜೋಳ ಬೆಳೆಯುತ್ತದೆ. ಭತ್ತಕ್ಕೆ ಕಾಲುವೆ ಬೇಕು. ವಿಜಯನಗರದ ಅರಸರು ತುಂಗಭದ್ರೆಗೆ ಅಣೆಕಟ್ಟುಗಳನ್ನು ಕಟ್ಟಿಸಿ ಕಾಲುವೆಗಳನ್ನು ತೋಡಿಸಿದಾಗ ಒಂದೇ ಸೀಮೆಯಲ್ಲಿ ಎರಡು ಆಹಾರಪದ್ಧತಿಗಳು ಅಕ್ಕಪಕ್ಕದಲ್ಲಿ ನಿಂತವು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಧಾನ್ಯಗಳನ್ನು ಹೆಸರಿಸುವಾಗ ಅಕ್ಕಿಯೊಡನೆ ಜೋಳ, ಹುರುಳಿಗಳನ್ನೂ ಹೇಳುತ್ತಾನೆ.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯವು ಈ ಸಮತೋಲವನ್ನು ಬದಲಿಸಿತು. ಅನೇಕ ಗ್ರಾಮಗಳು ಮುಳುಗಿದವು. ಕಾಲುವೆಯ ಕೆಳಗಿನ ನೆಲದಲ್ಲಿ ಭತ್ತ, ಕಬ್ಬು ಹಬ್ಬಿದವು. ಹಿನ್ನೀರಿನ ಸಮೀಪದ ಮರಿಯಮ್ಮನಹಳ್ಳಿಯ ಕಡೆ ಮಾತ್ರ ರೊಟ್ಟಿ ಬಡಿಯುವ ಸದ್ದು ಇನ್ನೂ ಕೇಳುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಆದ್ದರಿಂದ ಕುದಿಯುವ ಎಸರಿನಲ್ಲಿ ಹಿಟ್ಟನ್ನು ಕಲಸಿ, ನಾದಿ, ಕೈಯಿಂದಲೇ ತಟ್ಟಬೇಕು. ಪಕ್ಕಕ್ಕೆ ಬದನೆಕಾಯಿ ಎಣ್ಣೆಗಾಯಿ. ಮಂಗರಸನ ಷಟ್ಪದಿಗೂ ರೈತನ ಬುತ್ತಿಗೂ ಸಮಾನವಾಗಿ ಸಂದ ಕಾಯಿ ಬಹುಶಃ ಇದೊಂದೇ.

ನಾರಿನಂಶ ಹೆಚ್ಚಿರುವ, ಹೊಟ್ಟೆಯಲ್ಲಿ ಬಹುಕಾಲ ನಿಲ್ಲುವ ಈ ಧಾನ್ಯವನ್ನು ಇಂದು ಮಧುಮೇಹಿಗಳಿಗೆ ಸೂಚಿಸಲಾಗುತ್ತಿದೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬಡವನ ಮನೆಗೆ ಪಡಿತರದ ಅಕ್ಕಿ ಬಂದಿದೆ, ನಗರದ ಉಳ್ಳವರು ಜೋಳವನ್ನು ಅರಸುತ್ತಿದ್ದಾರೆ. ಇದು ಚರಿತ್ರೆಯ ವ್ಯಂಗ್ಯ.

ಕಲ್ಲುತಟ್ಟೆಗಳನ್ನು ಪುರಾತತ್ತ್ವ ಇಲಾಖೆ ಕಾಯುತ್ತದೆ, ಷಟ್ಪದಿಗಳನ್ನು ಗ್ರಂಥಸಂಪಾದಕರು ಉಳಿಸಿದ್ದಾರೆ. ಎಸರಿನ ಹದ, ಬೀಜದ ಹೆಸರು, ಬೀಸುವ ಕಲ್ಲಿನ ಪದ ಇವೆಲ್ಲ ವೃದ್ಧೆಯರ ನೆನಪಿನಲ್ಲಿವೆ. ಸಾಹಿತ್ಯದ ವಿದ್ಯಾರ್ಥಿಗಳು ಅವರ ಒಲೆಯ ಮುಂದೆ ಕುಳಿತು ಅವನ್ನು ಬರೆದುಕೊಳ್ಳುವ ಕಾಲ ಇನ್ನೂ ಮೀರಿಲ್ಲ. ಜೋಳವಾಳಿಯ ಅರ್ಥವನ್ನು ಬಲ್ಲವರಿಗೆ ಈ ಋಣದ ನೆನಪು ಬೇರೆಯಾಗಿ ಮಾಡಬೇಕಿಲ್ಲ.