ಸರಕಾರದ ವಕೀಲ ಯಾರ ವಕೀಲ?



ಹೈಕೋರ್ಟಿನಲ್ಲಿ ರಾಜ್ಯ ಸರಕಾರದ ಪರ ನಿಲ್ಲುವ ಹಿರಿಯ ವಕೀಲರು ಅಡ್ವೊಕೇಟ್ ಜನರಲ್. ಸಂವಿಧಾನದ 165ನೆಯ ವಿಧಿಯಂತೆ ಅವರನ್ನು ನೇಮಿಸುವವರು ರಾಜ್ಯಪಾಲರು. ಕೇರಳವಿರಲಿ, ತಮಿಳುನಾಡಿರಲಿ, ಮಹಾರಾಷ್ಟ್ರವಿರಲಿ, ಕ್ರಮ ಒಂದೇ. ಸರಕಾರ ಬದಲಾದರೆ ಸಾಮಾನ್ಯವಾಗಿ ಈ ವಕೀಲರೂ ಬದಲಾಗುತ್ತಾರೆ.

ಅಮೆರಿಕದಲ್ಲಿ ಇಂಥ ಹುದ್ದೆಗೆ ಅಟಾರ್ನಿ ಜನರಲ್ ಎಂದು ಹೆಸರು. ಅಲ್ಲಿನ 50 ರಾಜ್ಯಗಳ ಪೈಕಿ 43ರಲ್ಲಿ ಇವರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ನ್ಯೂಯಾರ್ಕಿನಲ್ಲಿ ಮೊದಲು ಶಾಸನಸಭೆ ಆರಿಸುತ್ತಿತ್ತು. 1846ರ ಸಂವಿಧಾನ ಆ ಹಕ್ಕನ್ನು ಮತದಾರರಿಗೆ ಕೊಟ್ಟಿತು. ಇಂದಿಗೂ ಮೇನ್ ರಾಜ್ಯದಲ್ಲಿ ಶಾಸನಸಭೆಯೂ ಟೆನೆಸ್ಸಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಆರಿಸುತ್ತವೆ.

ಜನರು ಆರಿಸಿದರೆ ಏನು ವ್ಯತ್ಯಾಸ? ಮಿಸಿಸಿಪ್ಪಿ ರಾಜ್ಯದ ಒಂದು ದಾವೆಯನ್ನು ನೋಡೋಣ.

ಸಿಗರೇಟು ಸೇದಿ ಕಾಯಿಲೆ ಬಿದ್ದವರು 1950ರ ದಶಕದಿಂದಲೇ ಕಂಪನಿಗಳ ಮೇಲೆ ದಾವೆ ಹೂಡುತ್ತಿದ್ದರು. ‘ಸೇದಿದ್ದು ನಿಮ್ಮ ಇಷ್ಟದಿಂದ’ ಎಂಬ ವಾದದ ಮುಂದೆ ಅವರು ಸೋಲುತ್ತಿದ್ದರು. 1994ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಅಟಾರ್ನಿ ಜನರಲ್ ಮೈಕ್ ಮೂರ್ ಬೇರೆ ದಾರಿ ಹಿಡಿದರು. ಬಡ ರೋಗಿಗಳ ಚಿಕಿತ್ಸೆಗೆ ಖರ್ಚಾಗುವುದು ತೆರಿಗೆ ಕೊಟ್ಟವರ ಹಣ. ರಾಜ್ಯವಂತೂ ಸಿಗರೇಟು ಸೇದಿಲ್ಲ. ಆದ್ದರಿಂದ ಆ ಹಣವನ್ನು ಕಂಪನಿಗಳೇ ತುಂಬಿಕೊಡಲಿ ಎಂದು ರಾಜ್ಯದ ಹೆಸರಿನಲ್ಲೇ ದಾವೆ ಹೂಡಿದರು.

ಅಡ್ಡಿ ಬಂದದ್ದು ಸ್ವಂತ ಮನೆಯಿಂದ. ಅಮೆರಿಕದ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯಂತೆ ಆಡಳಿತ ನಡೆಸುವವರು. ಅಂದಿನ ಗವರ್ನರ್ ಕರ್ಕ್ ಫೋರ್ಡೈಸ್, ಮೂರ್ ಅವರ ಎದುರು ಪಕ್ಷದವರು. ಚಿಕಿತ್ಸಾ ಯೋಜನೆ ತಮ್ಮ ಅಧೀನದಲ್ಲಿದೆ, ತಮ್ಮ ಒಪ್ಪಿಗೆಯಿಲ್ಲದೆ ದಾವೆ ಸಲ್ಲದು ಎಂದು 1996ರಲ್ಲಿ ಅವರು ಕೋರ್ಟಿಗೆ ಹೋದರು. ನೇಮಕದ ವಕೀಲರಾಗಿದ್ದರೆ ಅದೇ ದಿನ ಮನೆಗೆ ಹೋಗಬೇಕಾಗುತ್ತಿತ್ತೋ ಏನೋ. ಮೂರ್ ಅವರನ್ನು ಆರಿಸಿದ್ದು ಜನ; ತೆಗೆಯುವ ಅಧಿಕಾರ ಗವರ್ನರಿಗೆ ಇರಲಿಲ್ಲ. 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ದಾವೆಯನ್ನು ತಡೆಯಲು ಒಪ್ಪಲಿಲ್ಲ. ಅದೇ ವರ್ಷ ಕಂಪನಿಗಳು 300 ಕೋಟಿ ಡಾಲರಿಗೂ ಮಿಕ್ಕಿದ ಹಣ ಕೊಡಲು ರಾಜಿಯಾದವು. ಅಷ್ಟರಲ್ಲಿ ಬೇರೆ ರಾಜ್ಯಗಳೂ ದಾವೆ ಹೂಡಿದ್ದವು. 1998ರ ನವೆಂಬರಿನಲ್ಲಿ 46 ರಾಜ್ಯಗಳೊಂದಿಗೆ ಆದ ಒಪ್ಪಂದದ ಮೊತ್ತ, 25 ವರ್ಷಗಳಿಗೆ ಸುಮಾರು 20,600 ಕೋಟಿ ಡಾಲರ್.

ಹಾಗೆಂದು ಚುನಾವಣೆಯೊಂದೇ ಮದ್ದಲ್ಲ. ಓಟು ಬೇಕಾದವರಿಗೆ ಪ್ರಚಾರದ ಹಣವೂ ಬೇಕು, ಪಕ್ಷವೂ ಬೇಕು. ಹಲವರಿಗೆ ಈ ಹುದ್ದೆ ಗವರ್ನರ್ ಗಾದಿಗೆ ಮೆಟ್ಟಿಲು. ಮುಂದೆ ಅಧ್ಯಕ್ಷರಾದ ಬಿಲ್ ಕ್ಲಿಂಟನ್ 1977ರಲ್ಲಿ ಅರ್ಕಾನ್ಸಾಸಿನ ಅಟಾರ್ನಿ ಜನರಲ್ ಆಗಿದ್ದರು. ಗೆದ್ದ ಸಿಗರೇಟು ಹಣದಲ್ಲೂ ಬಹುಪಾಲನ್ನು ರಾಜ್ಯಗಳು ಧೂಮಪಾನ ಬಿಡಿಸುವ ಕೆಲಸಕ್ಕೆ ಬಳಸಲಿಲ್ಲ.

ಆದರೂ ಮಿಸಿಸಿಪ್ಪಿಯ ಕಥೆ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ರಾಜ್ಯ ಬೇರೆ, ರಾಜ್ಯವನ್ನು ಆಳುವವರು ಬೇರೆ. ಇಬ್ಬರ ದಾರಿ ಬೇರೆಯಾದ ದಿನ ಸರಕಾರದ ವಕೀಲ ಯಾರ ಪಕ್ಕ ನಿಲ್ಲಬಲ್ಲನೆಂಬುದು, ಅವನನ್ನು ಕುರ್ಚಿಯಿಂದ ಇಳಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಹೊಂದಿಕೊಂಡಿದೆ.