ಕೆಸರು ಯಾರಿಗೆ? ಮೊಸರು ಯಾರಿಗೆ?

ಬಾಬಾಬುಡನ್ ಏಳು ಕಾಫಿ ಬೀಜ ತಂದರು ಅಂತ ನಮ್ಮ ಗಿರಿಯ ಕತೆ. ಆ ಬೀಜ ಯಾರಿಗೆ ಸಿರಿಯಾಯಿತು? 1859ನೇ ಇಸವಿಯನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ.

ಆ ವರ್ಷ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸ್ 'ಸೆಲ್ಫ್ ಹೆಲ್ಪ್' ಪುಸ್ತಕ ತಂದ. ದುಡಿ, ಉಳಿಸು, ಸಾಲ ಮಾಡಬೇಡ, ಮೇಲೆ ಬರುತ್ತೀಯೆ ಅಂದ. ಅದೇ ವರ್ಷ ಇಲ್ಲಿನ ಬ್ರಿಟಿಷ್ ಸರ್ಕಾರ ಕೂಲಿಗಳ ಕರಾರುಭಂಗದ ಕಾಯ್ದೆ ತಂತು. ಮುಂಗಡ ಪಡೆದು ಕೆಲಸ ಬಿಟ್ಟವನಿಗೆ ಮೂರು ತಿಂಗಳವರೆಗೆ ಜೈಲು. ದಕ್ಷಿಣದ ಕಾಫಿ ದೊರೆಗಳಿಗೆ ಅದು ಚಾಟಿಯಾಯಿತು.

ಸ್ಮೈಲ್ಸ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಾಲ ಉರುಲು ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆಂಡದಂಗಡಿಗೆ ಹೋಗದ ನಾಲ್ಕಾಣೆ ಮಗುವಿನ ಸ್ಲೇಟಾಗುತ್ತಿತ್ತು, ನಿಜ. ಆದರೆ ಮೇಸ್ತ್ರಿಯ ಮುಂಗಡ ಕೂಲಿಯನ್ನೇ ನುಂಗುವಾಗ ಉಳಿಸೋದು ಏನನ್ನು? ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕಳಸ, ಮೂಡಿಗೆರೆಯ ತೋಟಗಳಲ್ಲಿ ಕೆಸರು ಲೈನು ಮನೆಯ ಕೈಗೆ, ಮೊಸರು ಬಂಗಲೆಯ ಬಾಯಿಗೆ.

ಆ ಕಾಯ್ದೆಯನ್ನು ರದ್ದುಮಾಡುವ ಕಾನೂನು ಬಂದಿದ್ದು 1925ರಲ್ಲಿ. ತೋಟ ಕಾರ್ಮಿಕರ ಕಾಯ್ದೆ 1951ರಲ್ಲಿ. ಜೀತದ ಸಾಲ ಕಾಗದದ ಮೇಲಾದರೂ ಅಳಿಸಿದ್ದು 1976ರಲ್ಲಿ. ಯಾವ ಕೂಲಿಯ ಹುಂಡಿಯೂ ಒಂಟಿಯಾಗಿ ಇದನ್ನು ಮಾಡಲಾರದಿತ್ತು.

ಉಳಿಸೋಣ, ಸರಿ. ಮೊದಲು ಲೆಕ್ಕದ ಪುಸ್ತಕ ಯಾರ ಕೈಲಿದೆ ಅಂತ ಕೂಡಿ ಕೇಳೋಣ.