ಫ್ಲ್ಯಾಟ್‌ನಲ್ಲಿ ಡ್ರಮ್ಸ್ ಅಭ್ಯಾಸ: ನೆರೆಮನೆಗೆ ಕಿರಿಕಿರಿಯಾಗದಂತೆ ಸದ್ದು ತಗ್ಗಿಸುವುದು ಹೇಗೆ?

ಮನೆಯಲ್ಲಿ ಮಕ್ಕಳು ಡ್ರಮ್ಸ್ ಕಲಿಯುತ್ತಿದ್ದರೆ ಸೊಸೈಟಿಗೆ ದೂರು ಹೋಗಲು ಹೆಚ್ಚು ದಿನ ಬೇಕಿಲ್ಲ. ಅಕೌಸ್ಟಿಕ್ ಡ್ರಮ್ಸ್ ಸದ್ದು 100 ಡೆಸಿಬಲ್ ದಾಟಬಲ್ಲದು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿಯಿದೆ.

ಸದ್ದು ಎರಡು ದಾರಿಯಲ್ಲಿ ಹೊರಹೋಗುತ್ತದೆ: ಗಾಳಿಯ ಮೂಲಕ ಮತ್ತು ನೆಲದ ಕಂಪನದ ಮೂಲಕ. ಎರಡಕ್ಕೂ ಪರಿಹಾರ ಬೇರೆ ಬೇರೆ.

ಗಾಳಿಯ ಸದ್ದಿಗೆ: ಪ್ಲಾಸ್ಟಿಕ್ ಹೆಡ್ ತೆಗೆದು ಮೆಶ್ ಹೆಡ್ ಹಾಕಿ. ಸಣ್ಣ ರಂಧ್ರಗಳಿರುವ ಲೋ ವಾಲ್ಯೂಮ್ ಸಿಂಬಲ್ ಬಳಸಿ. ಬೇಸ್ ಡ್ರಮ್ ಒಳಗೆ ದಿಂಬು ಅಥವಾ ಕಂಬಳಿ ಇಡಿ. ಬಾಗಿಲು, ಕಿಟಕಿಯ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಪಕ್ಕದ ಮನೆಗೆ ಹೋಗುವ ಸದ್ದು ನಿಲ್ಲದು.

ನೆಲದ ಕಂಪನಕ್ಕೆ: ಎಲೆಕ್ಟ್ರಾನಿಕ್ ಡ್ರಮ್ಸ್ ಕೊಂಡು ಹೆಡ್‌ಫೋನ್ ಹಾಕಿಕೊಂಡರೂ ಕಾಲಿನ ಪೆಡಲ್‌ನ ಏಟು ಕೆಳಮನೆಯವರಿಗೆ ಕೇಳಿಸುತ್ತದೆ. ಬರೀ ಕಾರ್ಪೆಟ್ ಸಾಲದು. ಎರಡು ದಪ್ಪ ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಜಾರದಂತೆ ಕೂರಿಸಿ, ಅದರ ಮೇಲೆ ಡ್ರಮ್ಸ್ ಮತ್ತು ಸ್ಟೂಲ್ ಇಟ್ಟರೆ ಕಂಪನ ಬಹಳಷ್ಟು ತಗ್ಗುತ್ತದೆ.

ಕೈ ಚಳಕ, ತಾಳದ ಅಭ್ಯಾಸಕ್ಕೆ ರಬ್ಬರ್ ಪ್ರಾಕ್ಟೀಸ್ ಪ್ಯಾಡ್ ಸಾಕು. ಪೂರ್ಣ ಸೆಟ್ ನುಡಿಸುವ ಮೊದಲು ಕೆಳಮನೆಯವರ ಬಳಿ ಸಮಯ ಕೇಳಿ. ಸಾಧ್ಯವಾದರೆ ಒಮ್ಮೆ ಅವರ ಮನೆಯಲ್ಲೇ ನಿಂತು ಸದ್ದು ಎಷ್ಟು ಬರುತ್ತದೆಂದು ಆಲಿಸಿ. ಯಾವುದನ್ನು ಸರಿಪಡಿಸಬೇಕು ಎಂಬುದು ಆಗ ತಿಳಿಯುತ್ತದೆ.